ಧ್ವಜದ ಹಗ್ಗ ಯಾರ ಕೈಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಸ್ಟ್ 15ರ ಬಗ್ಗೆಯೇ ಇವೆ. 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ಧ್ವಜ ಕಟ್ಟಿದವನು ನಾನು. ನಿವೃತ್ತನಾದ ಮೇಲೆ ನಮ್ಮ ಬಡಾವಣೆಯಲ್ಲೂ ಆ ಕೆಲಸ ನನ್ನದೇ. ಹಾಗಾಗಿ ಖುಷಿಯಿಂದ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯಲ್ಲಿ ಧ್ವಜ ಯಾರು ಹಾರಿಸಬೇಕು ಅಂತ ಪ್ರತಿ ವರ್ಷ ಜಗಳ. ಅಧ್ಯಕ್ಷರು ತಾವೇ ಹಾರಿಸಬೇಕು ಅನ್ನುತ್ತಾರೆ. ಉಳಿದವರು ಯಾರಾದರೂ ರಾಜಕಾರಣಿಯನ್ನು ಕರೆಸೋಣ ಅನ್ನುತ್ತಾರೆ. ನಿಯಮ ಏನಿದೆ?
– ಓದುಗರು, ಮೈಸೂರು

ಈಗಿರುವ ಧ್ವಜ ಸಂಹಿತೆ 2002ರ ಜನವರಿ 26ರಂದು ಜಾರಿಗೆ ಬಂತು. ಬಡಾವಣೆಯ ಧ್ವಜವನ್ನು ಅಧ್ಯಕ್ಷರೇ ಹಾರಿಸಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಆಯ್ಕೆ ನಿಮ್ಮದೇ.

ನಮ್ಮಲ್ಲೂ ಇದೇ ಜಗಳ ಇತ್ತು. ಮೂರು ವರ್ಷದ ಹಿಂದೆ ಒಬ್ಬ ಅಜ್ಜಿ ಎದ್ದು ನಿಂತು, "ದಿನಾ ಬೆಳಿಗ್ಗೆ ನಮ್ಮ ಬೀದಿಗೆ ಎಲ್ಲರಿಗಿಂತ ಮೊದಲು ಬರೋದು ಯಾರು? ಅವರೇ ಹಾರಿಸಲಿ" ಅಂದರು. ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಯನ್ನು ಕರೆದೆವು. ಅವರು ಅವತ್ತೂ ಆರು ಗಂಟೆಗೇ ಬಂದು ಧ್ವಜಸ್ತಂಭದ ಸುತ್ತ ಗುಡಿಸಿದರು. ಪಾರ್ಕಿನ ನಲ್ಲಿಯಲ್ಲಿ ಕೈ ತೊಳೆದರು. ಸೆರಗಿಗೆ ಒರೆಸಿಕೊಂಡು ಎರಡು ಹೆಜ್ಜೆ ಬಂದವರು ಮತ್ತೆ ಹೋಗಿ ತೊಳೆದು ಬಂದರು. ಹಗ್ಗ ಹಿಡಿದ ಕೈ ನಡುಗುತ್ತಿತ್ತು. ಧ್ವಜ ಮಾತ್ರ ಎಲ್ಲೂ ತಡೆಯದೆ ಏರಿತು.

ಆಮೇಲೆ ಆದದ್ದನ್ನೂ ಹೇಳಬೇಕು. ಜನಗಣಮನ ಮುಗಿದ ಮೇಲೆ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಎಲ್ಲರೂ ಮನೆಗೆ ಹೋದರು. ಕನ್ನಡಕ ಮರೆತಿದ್ದರಿಂದ ನಾನು ಒಂಬತ್ತೂವರೆಗೆ ವಾಪಸ್ ಹೋದೆ. ಪಾರ್ಕಿನ ತುಂಬ ಕಾಗದದ ಲೋಟ, ಅರ್ಧ ತಿಂದು ಬಿಟ್ಟ ತಟ್ಟೆ. ಧ್ವಜ ಹಾರಿಸಿದ ಆ ತಾಯಿಯೇ ಬಗ್ಗಿ ಒಂದೊಂದಾಗಿ ಹೆಕ್ಕುತ್ತಿದ್ದರು. ನಾವು ಹೊದಿಸಿದ್ದ ಶಾಲು ಮಡಿಚಿ ಕೈಗಾಡಿಯ ಹಿಡಿಗೆ ಸಿಕ್ಕಿಸಿದ್ದರು. ಹೊಟ್ಟೆಯಲ್ಲಿ ಸಂಕಟವಾಯಿತು. ನಾನೂ ಬಗ್ಗಿದೆ.

ಮುಂದಿನ ವರ್ಷದಿಂದ ನಮ್ಮಲ್ಲಿ ಸ್ಟೀಲ್ ಲೋಟ, ಸ್ಟೀಲ್ ತಟ್ಟೆ. ತಿಂದವರೇ ತೊಳೆದಿಡಬೇಕು. ಕೊನೆಯ ಕುರ್ಚಿ ಒಳಗೆ ಹೋಗುವ ತನಕ ಯಾರೂ ಹೊರಡುವಂತಿಲ್ಲ. ನಿಮ್ಮ ಸಭೆಯಲ್ಲೂ ಮೊದಲು ಆ ವಿಷಯ ತೆಗೆಯಿರಿ, ಯಾರು ಕ್ಲೀನ್ ಮಾಡೋದು ಅಂತ. ಹಾರಿಸುವವರನ್ನು ಚೀಟಿ ಎತ್ತಿ ಆರಿಸಬಹುದು. ಆ ಚೀಟಿಗಳಲ್ಲಿ ಬಾಡಿಗೆದಾರರ ಹೆಸರು, ವಾಚ್‌ಮನ್ ಹೆಸರು, ಕಸದ ಗಾಡಿಯವರ ಹೆಸರು ಎಲ್ಲವೂ ಇರಲಿ.

ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಧ್ವಜ ಹಾರಿಸುವುದರಲ್ಲಿ ವ್ಯತ್ಯಾಸ ಇದೆಯಂತೆ, ಹೌದಾ ಸಾರ್?
– ಏಳನೇ ತರಗತಿ ಹುಡುಗಿ, ತುಮಕೂರು

ಹೌದು ಮಗೂ. ಆಗಸ್ಟ್ 15ರಂದು ಧ್ವಜವನ್ನು ಕೆಳಗೆ ಕಟ್ಟಿ, ಹಗ್ಗ ಎಳೆದು ಮೇಲಕ್ಕೆ ಏರಿಸುತ್ತಾರೆ. 1947ರಲ್ಲಿ ನಮ್ಮ ಧ್ವಜ ಹೊಸದಾಗಿ ಮೇಲೇರಿದ ನೆನಪು ಅದು. 1950ರ ಜನವರಿ 26ರ ಹೊತ್ತಿಗೆ ದೇಶ ಆಗಲೇ ಸ್ವತಂತ್ರವಾಗಿತ್ತು, ಅಲ್ವಾ? ಅದಕ್ಕೇ ಗಣರಾಜ್ಯೋತ್ಸವದ ದಿನ ಧ್ವಜ ಮೊದಲೇ ತುದಿಯಲ್ಲಿ ಮಡಿಚಿ ಕಟ್ಟಿರುತ್ತದೆ. ಅದನ್ನು ಬಿಚ್ಚುತ್ತಾರೆ, ಅಷ್ಟೇ. ದೆಹಲಿಯಲ್ಲಿ ಮೊದಲನೆಯದನ್ನು ಪ್ರಧಾನಿ ಮಾಡುತ್ತಾರೆ, ಎರಡನೆಯದನ್ನು ರಾಷ್ಟ್ರಪತಿ.

ನಿಮ್ಮ ಪಿ.ಟಿ. ಮೇಷ್ಟ್ರಿಗೆ ಒಂದು ಮಾತು ಹೇಳು. ಹಿಂದಿನ ಸಂಜೆ ಹಗ್ಗಕ್ಕೆ ಟವೆಲ್ ಕಟ್ಟಿ ಎರಡು ಸಲ ಏರಿಸಿ ಇಳಿಸಿ ನೋಡಲಿ. ಮಳೆಗೆ ರಾಟೆ ತುಕ್ಕು ಹಿಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೇಸರಿ ಮೇಲೆ ಬರುತ್ತದಾ ಅಂತ ಇಬ್ಬರು ನೋಡಲಿ. ಒಬ್ಬರು ಸಾಲದು.

ಎದುರು ಮನೆಯವರು ಆಗಸ್ಟ್ ಬಂತೆಂದರೆ ಕಾರಿನ ಬಾನೆಟ್ ಮೇಲೆ ದೊಡ್ಡ ಧ್ವಜ ಹೊದಿಸುತ್ತಾರೆ. ಆದರೆ ವರ್ಷವಿಡೀ ಆ ಕಾರು ಫುಟ್‌ಪಾತ್ ಮೇಲೇ ಇರುತ್ತದೆ. ಕೋಲು ಹಿಡಿದು ನಡೆಯುವ ನಮ್ಮ ಅತ್ತೆ ರಸ್ತೆಗೆ ಇಳಿಯಬೇಕು. ಹೇಳಿದರೆ ದೇಶಪ್ರೇಮ ಇಲ್ಲ ಅಂದಾರು ಅಂತ ಭಯ.
– ಗೃಹಿಣಿ, ಬೆಂಗಳೂರು

ಭಯ ಬೇಡಮ್ಮ. ವಾಹನದ ಬಾನೆಟ್, ಮೇಲ್ಭಾಗ, ಬದಿಗಳಿಗೆ ಧ್ವಜ ಹೊದಿಸಬಾರದು ಅಂತ ಸಂಹಿತೆಯೇ ಹೇಳುತ್ತದೆ. ಕಾರಿನ ಮೇಲೆ ಧ್ವಜ ಹಾರಿಸುವ ಹಕ್ಕೂ ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಸಚಿವರು ಹೀಗೆ ಕೆಲವರಿಗೆ ಮಾತ್ರ. 1976ರಲ್ಲಿ ಸಂವಿಧಾನಕ್ಕೆ 51ಎ ವಿಧಿ ಸೇರಿತು. ಅದರಲ್ಲಿರುವ ಮೂಲಭೂತ ಕರ್ತವ್ಯಗಳಲ್ಲಿ ಧ್ವಜವನ್ನು ಗೌರವಿಸುವುದು ಮೊದಲನೆಯದರಲ್ಲೇ ಇದೆ. ಸಾರ್ವಜನಿಕ ಆಸ್ತಿ ಕಾಪಾಡುವುದೂ ಅದೇ ಪಟ್ಟಿಯಲ್ಲಿದೆ. ಫುಟ್‌ಪಾತ್ ಸಾರ್ವಜನಿಕ ಆಸ್ತಿ ತಾನೇ?

ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಹಾಕಬೇಡಿ. ಅಲ್ಲಿ ಹಾಕಿದರೆ ಸುಮ್ನೆ ಮನಸ್ತಾಪ ಬೆಳೆಯುತ್ತದೆ. ಒಂದು ಸಂಜೆ ಅತ್ತೆಯವರ ಜೊತೆ ಅವರ ಮನೆಗೆ ಹೋಗಿ. ಅತ್ತೆಯೇ ಮಾತಾಡಲಿ. ಎಪ್ಪತ್ತು ದಾಟಿದವರು ಎದುರಿಗೆ ಕೂತು "ನಡೆಯೋಕೆ ಜಾಗ ಬಿಡಪ್ಪ" ಅಂದರೆ ಇಲ್ಲ ಅನ್ನುವವರು ಕಡಿಮೆ.

ಹಬ್ಬ ಮುಗಿದ ಮೇಲೆ ಮಕ್ಕಳ ಕೈಯ ಚಿಕ್ಕ ಧ್ವಜಗಳು ಚರಂಡಿಯಲ್ಲಿ ಬಿದ್ದಿರುತ್ತವೆ. ಏನು ಮಾಡೋದು?
– ಅಂಗಡಿ ಮಾಲೀಕರು, ದಾವಣಗೆರೆ

ಪ್ಲಾಸ್ಟಿಕ್ ಧ್ವಜ ಮಾರಲೇಬೇಡಿ. 2022ರ ಜುಲೈ 1ರಿಂದ ಅದು ನಿಷೇಧ. ಕಾಗದದ್ದನ್ನು ನೆಲಕ್ಕೆ ಎಸೆಯಬಾರದು, ಯಾರ ಕಣ್ಣಿಗೂ ಬೀಳದ ಹಾಗೆ ಗೌರವದಿಂದ ವಿಲೇವಾರಿ ಮಾಡಬೇಕು. ನಿಮ್ಮ ಅಂಗಡಿ ಮುಂದೆ ಒಂದು ಬಟ್ಟೆ ಚೀಲ ನೇತುಹಾಕಿ, ಧ್ವಜ ತಂದು ಹಾಕಿದ ಮಗುವಿಗೆ ಒಂದು ಪೆಪ್ಪರ್‌ಮಿಂಟ್ ಕೊಡಿ. ನಮ್ಮಲ್ಲಿ ಹೋದ ವರ್ಷ ಎರಡು ಚೀಲ ತುಂಬಿದವು.

ಮನೆ ಮೇಲಿನ ಧ್ವಜ ಕೇಳುವವರಿಗೂ ಇಲ್ಲೇ ಹೇಳುತ್ತೇನೆ. 2022ರ ಜುಲೈಯಿಂದ ರಾತ್ರಿಯೂ ಹಾರಿಸಬಹುದು. ಆದರೆ ಹರಿದದ್ದನ್ನು, ಬಣ್ಣ ಮಾಸಿದ್ದನ್ನು ಹಾರಿಸಬಾರದು. ಸಾಧ್ಯವಾದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜ ತೆಗೆದುಕೊಳ್ಳಿ. ಬೆಲೆ ಜಾಸ್ತಿ, ನಿಜ. ಅದರ ಹೊಲಿಗೆಯನ್ನು ಒಮ್ಮೆ ಕೈಯಿಂದ ಸವರಿ ನೋಡಿ, ಯಾಕೆ ಅಂತ ತಿಳಿಯುತ್ತದೆ.

200 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಧ್ವಜಾರೋಹಣಕ್ಕೆ 15 ಜನ ಬಂದರೆ ಹೆಚ್ಚು. ಬಾರದವರಿಗೆ ದಂಡ ಹಾಕೋಣವೇ?
– ಸಂಘದ ಕಾರ್ಯದರ್ಶಿ, ಯಲಹಂಕ

ಬೇಡ. ದಂಡಕ್ಕೆ ಹೆದರಿ ಬಂದವರು ಫೋನ್ ನೋಡುತ್ತಾ ನಿಲ್ಲುತ್ತಾರೆ. ಅದಕ್ಕೆ ಬದಲು ಆಗಸ್ಟಿನ ಮೊದಲ ಭಾನುವಾರ ಮಕ್ಕಳನ್ನು ಒಂದು ಬಸ್ಸಿನಲ್ಲಿ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದೇ ತಿಂಗಳು ಮದ್ದೂರಿನ ಹತ್ತಿರದ ಶಿವಪುರದಲ್ಲಿ ನಿಷೇಧವಿದ್ದರೂ ಧ್ವಜ ಹಾರಿಸಲು ಹೋಗಿ ಸ್ವಾತಂತ್ರ್ಯ ಹೋರಾಟಗಾರ ಟಿ. ಸಿದ್ದಲಿಂಗಯ್ಯ ಬಂಧನಕ್ಕೊಳಗಾದರು. ವಿದುರಾಶ್ವತ್ಥದ ಗುಂಡಿಗೆ ಸತ್ತವರು ನಮ್ಮ ನಿಮ್ಮಂಥ ಹಳ್ಳಿ ಜನ. ವಿದುರಾಶ್ವತ್ಥದ ಸ್ಮಾರಕದ ಮುಂದೆ ಮಕ್ಕಳಿಗೆ ಇಷ್ಟನ್ನು ಹೇಳಿ, ಸ್ವಲ್ಪ ಹೊತ್ತು ಅಲ್ಲೇ ಬಿಡಿ. ಆಗಸ್ಟ್ 15ರ ಬೆಳಿಗ್ಗೆ ಅಪ್ಪ ಅಮ್ಮನನ್ನು ಎಬ್ಬಿಸುವ ಕೆಲಸ ಅವರೇ ಮಾಡುತ್ತಾರೆ.