ಓದುಗರ ಪ್ರಶ್ನೆಗೆ ಉತ್ತರ: ಉಪ್ಪಿನ ರಾಶಿ ಮಾರಾಟವಾಗದೆ ಉಳಿದದ್ದೇಕೆ?

ಪ್ರಶ್ನೆ: ಕೊರೊನಾ ಲಾಕ್‌ಡೌನ್ ಕಾಲದಲ್ಲಿ ನಮ್ಮೂರಿನ ಅಂಗಡಿಗಳಲ್ಲಿ ಉಪ್ಪಿಗೆ ಕೊರತೆಯಾಗಲಿಲ್ಲ, ಬೆಲೆಯೂ ಇಳಿಯಲಿಲ್ಲ. ಆದರೂ ಗುಜರಾತಿನ ಸಣ್ಣ ಉಪ್ಪು ತಯಾರಕರು ಮಾರಾಟವಿಲ್ಲದೆ ಕಂಗಾಲಾದರೆಂದು ಓದಿದ್ದೇನೆ. ನಮ್ಮ ತರಕಾರಿ ಬೆಳೆಗಾರರು ಆಗ ಬಡಾವಣೆಗಳಿಗೇ ಬಂದು ಮಾರಿದರು. ಅವರೂ ಹಾಗೆ ಮಾಡಬಹುದಿತ್ತಲ್ಲವೆ?
– ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮಾಡುವಂತಿರಲಿಲ್ಲ. ಅದಕ್ಕೆ ಮೊದಲ ಕಾರಣ ಕಾನೂನು. ಅಯೋಡಿನ್ ಬೆರೆಸದ ಉಪ್ಪನ್ನು ನೇರ ಸೇವನೆಗೆಂದು ಮಾರುವುದಕ್ಕೆ ದೇಶದಾದ್ಯಂತ 2006ರಿಂದ ನಿಷೇಧವಿದೆ. ಗಳಗಂಡವನ್ನು ತಡೆಯಲು ತಂದ ಈ ನಿಯಮ ಸರಿಯಾದದ್ದೇ. ಆದರೆ ಅದರಿಂದಾಗಿ, ಗದ್ದೆಯಲ್ಲಿ ಹರಳು ಒಟ್ಟುವವನು ತನ್ನ ಸರಕನ್ನು ಶುದ್ಧೀಕರಣ ಘಟಕಕ್ಕೋ ಕಾರ್ಖಾನೆಗೋ ಕೊಡಲೇಬೇಕು, ಮತ್ತು ಅಲ್ಲಿಯವರೆಗಿನ ದಾರಿ ಪೂರ್ತಿಯಾಗಿ ವ್ಯಾಪಾರಿಯ ಕೈಯಲ್ಲಿದೆ.

ಗುಜರಾತಿನ ಉಪ್ಪುನೆಲದ ಬಯಲಾದ ಕಚ್ಛ್‌ನ ಸಣ್ಣ ರಣ್‌ನಲ್ಲಿ, ಉಪ್ಪು ತಯಾರಿಸುವ ಅಗರಿಯಾ ಸಮುದಾಯದ ಕುಟುಂಬಗಳು ಮಳೆಗಾಲದ ನೀರು ಇಳಿದ ಮೇಲೆ, ಅಕ್ಟೋಬರ್ ಸುಮಾರಿಗೆ, ಮಕ್ಕಳುಮರಿಗಳೊಂದಿಗೆ ಬಂದು ಗುಡಿಸಲು ಹಾಕುತ್ತವೆ. ಬಾವಿ ತೋಡಿ, ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಎತ್ತಿ ಗದ್ದೆಗಳಿಗೆ ಹಾಯಿಸಿ, ಹರಳು ಒಂದೇ ಸಮನಾಗಿ ಕಟ್ಟುವಂತೆ ಮರದ ಹಲ್ಲಿನ ಕುಂಟೆಯನ್ನು ತಿಂಗಳುಗಟ್ಟಲೆ ಎಳೆಯುತ್ತಾರೆ. ಡೀಸೆಲ್‌ಗೂ ಮನೆಯ ದಿನಸಿಗೂ ಬೇಕಾದ ಹಣವನ್ನು ವ್ಯಾಪಾರಿ ಹಂಗಾಮಿನ ಆರಂಭದಲ್ಲೇ ಮುಂಗಡವಾಗಿ ಕೊಡುತ್ತಾನೆ. ಮುಂಗಡ ಪಡೆದವನು ಬೇರೆಯವರಿಗೆ ಮಾರುವಂತಿಲ್ಲ, ಬೆಲೆ ಕೇಳುವ ಬಲವೂ ಅವನಿಗೆ ಉಳಿಯುವುದಿಲ್ಲ. ಲಾಕ್‌ಡೌನ್ ಕಾಲದಲ್ಲಿ ಅಂಗಡಿಯಲ್ಲಿ ಸುಮಾರು 20 ರೂಪಾಯಿಗೆ ಮಾರಾಟವಾಗುತ್ತಿದ್ದ ಕಿಲೋ ಉಪ್ಪಿನಲ್ಲಿ ಅವನ ಪಾಲು ಒಂದು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ.

2020ರ ಮಾರ್ಚ್ 25ರಂದು ದೇಶ ಸ್ತಬ್ಧವಾದಾಗ ರಣ್‌ನಲ್ಲಿ ಉಪ್ಪು ಒಟ್ಟುವ ಕಾಲ. ಆಹಾರ ಪದಾರ್ಥಗಳ ಸಾಗಣೆಗೆ ಕಾಗದದ ಮೇಲೆ ಅನುಮತಿಯಿತ್ತು, ನಿಜ. ಆದರೆ ಲಾರಿಯ ಚಾಲಕರೂ ಹೇರುವ ಹಮಾಲರೂ ಇಲ್ಲದ ಮೇಲೆ ಅನುಮತಿಯಿಂದ ಉಪ್ಪು ಕದಲುವುದಿಲ್ಲ. ನಮ್ಮ ದೇಶದಲ್ಲಿ ಅಡುಗೆಗಿಂತ ಹೆಚ್ಚು ಉಪ್ಪು ಹೋಗುವುದು ಕಾಸ್ಟಿಕ್ ಸೋಡಾ, ಸೋಡಾ ಆ್ಯಶ್‌ನಂಥ ರಾಸಾಯನಿಕಗಳ ತಯಾರಿಕೆಗೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬಟ್ಟೆ, ಚರ್ಮ, ಕಾಗದದ ಕಾರ್ಖಾನೆಗಳು ಬಾಗಿಲು ಹಾಕಿದಾಗ ಆ ರಾಸಾಯನಿಕಗಳನ್ನು ಕೇಳುವವರು ಇಲ್ಲವಾದರು, ಅದರ ಹಿಂದೆಯೇ ಉಪ್ಪಿನ ಬೇಡಿಕೆಯೂ ಕುಸಿಯಿತು. ನಿಮ್ಮ ಅಂಗಡಿಯ ಪೊಟ್ಟಣ ಈ ಪೆಟ್ಟನ್ನು ತೋರಿಸುವುದಿಲ್ಲ.

ಕಾದು ಮಾರೋಣವೆಂದರೆ ಮಳೆಗಾಲದಲ್ಲಿ ಇಡೀ ರಣ್ ನೀರಿನಡಿ ಹೋಗುತ್ತದೆ. ಅಷ್ಟರೊಳಗೆ ರಾಶಿಯನ್ನು ಖಾರಾಘೋಡಾದಂಥ ಅಂಚಿನ ಊರುಗಳಿಗೆ ಸಾಗಿಸಿ ಪ್ಲಾಸ್ಟಿಕ್ ಹೊದಿಸಬೇಕು. ಆ ಜಾಗವೂ ಸಾಗಣೆಯ ಹಣವೂ ಇರುವುದು ವ್ಯಾಪಾರಿಯ ಬಳಿಯೇ. ಆ ವರ್ಷದ ಮೇ ತಿಂಗಳಲ್ಲಿ, ಉಪ್ಪು ಮುಗಿಯಲಿದೆ ಎಂಬ ಸುಳ್ಳು ಸುದ್ದಿ ಹಬ್ಬಿ ಅಸ್ಸಾಮಿನಲ್ಲಿ ಜನ ಅಂಗಡಿಗಳಿಗೆ ಮುಗಿಬಿದ್ದು ದುಬಾರಿ ಬೆಲೆ ತೆತ್ತರು. ಆ ಹೆಚ್ಚುವರಿ ಹಣ ರಣ್‌ಗೆ ತಲುಪುವ ದಾರಿಯೇ ಇರಲಿಲ್ಲ.

ನನಗೆ ಅತ್ಯಂತ ನೋವಿನ ಸಂಗತಿಯೆಂದರೆ, ಸರ್ಕಾರದ ಲೆಕ್ಕದಲ್ಲಿ ಇವರು ರೈತರೇ ಅಲ್ಲ. ಉಪ್ಪಿನ ಆಯುಕ್ತರ ಕಚೇರಿ ಕೈಗಾರಿಕೆಗೆ ಸಂಬಂಧಿಸಿದ ಇಲಾಖೆಗೆ ಸೇರಿದೆ, ಉಪ್ಪಿಗೆ ಬೆಂಬಲ ಬೆಲೆಯಿಲ್ಲ, ಮತ್ತು ಪಿಎಂ ಕಿಸಾನ್ ಕಂತು ಸಿಗುವುದು ಸಾಗುವಳಿ ಭೂಮಿಯ ಒಡೆತನವಿದ್ದವರಿಗೆ ಮಾತ್ರ. ವಿಶಾಲವಾದ ಆ ರಣ್ ಕಾಡುಕತ್ತೆಗಳ ಅಭಯಾರಣ್ಯವಾಗಿರುವುದರಿಂದ, ತಲೆಮಾರುಗಳಿಂದ ಅಲ್ಲಿ ದುಡಿದವರ ಹೆಸರಿನಲ್ಲೂ ಭೂಮಿಯ ಪತ್ರವಿಲ್ಲ.

ಪ್ರಶ್ನೆ: ನಮ್ಮ ಸಾಣಿಕಟ್ಟಾದಂತೆ ಅಲ್ಲಿಯೂ ಸಹಕಾರಿ ಸಂಘವಿದ್ದರೆ ಈ ಕಷ್ಟ ತಪ್ಪುತ್ತಿತ್ತೆ?
– ಓದುಗರು, ಕುಮಟಾ

ಉತ್ತರ: ಬಹುಪಾಲು ಹಗುರವಾಗುತ್ತಿತ್ತು. ಗೋಕರ್ಣದ ಬಳಿ, ಅಘನಾಶಿನಿಯ ಅಳಿವೆಯಲ್ಲಿರುವ ನಿಮ್ಮ ಸಾಣಿಕಟ್ಟಾದ ಆಗರಗಳ (ಉಪ್ಪಿನ ಗದ್ದೆಗಳ) ಮಾಲೀಕರಿಗೆ ಸ್ವಂತ ಸಂಘವಿದೆ, ಒಬ್ಬೊಬ್ಬರೇ ವ್ಯಾಪಾರಿಯ ಮುಂದೆ ನಿಲ್ಲಬೇಕಾಗಿಲ್ಲ. ಅಲ್ಲಿಯ ಹರಳುಪ್ಪಿಗೆ ಮೀನು ಒಣಗಿಸುವವರು, ತೆಂಗಿನ ಬುಡಕ್ಕೆ ಹಾಕುವವರು ಎಂದು ಹತ್ತಿರದಲ್ಲೇ ಗಿರಾಕಿಗಳೂ ಇದ್ದಾರೆ. ರಣ್‌ನ ಉಪ್ಪು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದು ದೂರದ ರಾಜ್ಯಗಳಿಗೆ ಹೋಗಲೇಬೇಕು. ಹಾಗಾಗಿ ಅಲ್ಲಿ ಸಂಘ ಕಟ್ಟುವವರು ವ್ಯಾಪಾರಿಯ ಮುಂಗಡಕ್ಕೆ ಬದಲಾಗಿ ಹಂಗಾಮಿನ ಸಾಲ ಕೊಡಬಲ್ಲ ಬ್ಯಾಂಕನ್ನೂ, ಮಳೆನೀರು ಮುಟ್ಟದ ಎತ್ತರದ ದಾಸ್ತಾನು ಜಾಗವನ್ನೂ ಮೊದಲು ಹೊಂದಿಸಿಕೊಳ್ಳಬೇಕು. ಅವೆರಡೂ ಇಲ್ಲದೆ ಸಂಘ ನೋಂದಾಯಿಸಿದರೆ, ಏಪ್ರಿಲ್‌ನಲ್ಲಿ ಸದಸ್ಯರು ಮತ್ತೆ ಅದೇ ವ್ಯಾಪಾರಿಯ ಲಾರಿಗೇ ಕಾಯಬೇಕಾಗುತ್ತದೆ.