ಕಾರಣ ಸಿಗದ ನೋವು, ಬಾಯಿಗೆ ಬಾರದ ಪ್ರಾರ್ಥನೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂಟನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಡಾಕ್ಟರಿಗೂ ಕಾರಣ ಗೊತ್ತಾಗಲಿಲ್ಲ. ನೋಡಲು ಬಂದ ಒಬ್ಬರು ‘ಮನೆತನದ ಶಾಪ ಇರಬೇಕು, ಹಿರಿಯರ ಪಾಪ ಅರಿಕೆ ಮಾಡಿ’ ಅಂದರು. ಇನ್ನೊಬ್ಬರು ‘ನಂಬಿಕೆ ಸಾಲದಾಯಿತು’ ಅಂದರು. ನಾಲ್ಕು ತಿಂಗಳಾಯಿತು, ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲ. ಸಭೆಯಲ್ಲಿ ಸ್ತುತಿಗೀತೆ ಶುರುವಾದರೆ ಎದ್ದು ಹೊರಗೆ ಬಂದುಬಿಡುತ್ತೇನೆ. ನಾನು ದೇವರಿಂದ ದೂರವಾದೆನೇ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಸಹೋದರಿ, ಮೊದಲು ಆ ಶಾಪದ ಮಾತು. ಹಾಗೆ ಹೇಳುವವರು ಹೆತ್ತವರ ಪಾಪಕ್ಕೆ ಮಕ್ಕಳಿಗೂ ದಂಡನೆ ಎಂಬ, ಸತ್ಯವೇದದ (ಬೈಬಲಿನ) ವಿಮೋಚನಕಾಂಡ 20ರ ಒಂದು ವಚನ ಹಿಡಿದು ಬರುತ್ತಾರೆ, ಯೆಹೆಜ್ಕೇಲ 18ನ್ನು ತೆರೆಯುವುದೇ ಇಲ್ಲ. ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆ ಇನ್ನು ನಿಮ್ಮಲ್ಲಿ ಸಲ್ಲದು ಎಂದು ದೇವರೇ ಅಲ್ಲಿ ಆಣೆಯಿಟ್ಟು ಹೇಳುತ್ತಾರೆ. ಹುಟ್ಟುಕುರುಡನನ್ನು ಕಂಡು ‘ಯಾರ ಪಾಪ, ಇವನದೋ ಹೆತ್ತವರದೋ’ ಎಂದು ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಅಂದರು (ಯೋಹಾನ 9). ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತ ಸುದ್ದಿ ಲೂಕ 13ರಲ್ಲಿದೆ. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದರೇ ಹೊರತು ಬುರುಜು ಯಾಕೆ ಬಿತ್ತೆಂದು ಯೇಸು ಹೇಳಲಿಲ್ಲ. ಪಶ್ಚಾತ್ತಾಪಪಡಿ ಎಂದದ್ದು ನಿಂತು ಕೇಳುತ್ತಿದ್ದವರಿಗೆ, ಸತ್ತವರ ಮನೆಯವರಿಗಲ್ಲ. ನಿಮ್ಮ ಮನೆಗೆ ಬಂದವರು ಇದನ್ನೇ ತಲೆಕೆಳಗು ಮಾಡಿದ್ದಾರೆ.

ಎಲ್ಲ ಪರೀಕ್ಷೆ ಮಾಡಿದ ಮೇಲೂ ಇಂಥ ಸಾವಿಗೆ ಕಾರಣ ಸಿಗದಿರುವುದು ಅಪರೂಪವಲ್ಲ. ಡಾಕ್ಟರು ‘ಗೊತ್ತಿಲ್ಲ’ ಅಂದರೆ ಅದಕ್ಕೆ ಗೊತ್ತಿಲ್ಲ ಎಂದಷ್ಟೇ ಅರ್ಥ. ಆ ಖಾಲಿ ಜಾಗಕ್ಕೆ ಶಾಪವನ್ನು ತಂದು ತುಂಬಬೇಡಿ. ವರದಿಗಳನ್ನು ಜೋಪಾನವಾಗಿಡಿ. ಮತ್ತೆ ಗರ್ಭಿಣಿಯಾಗುವ ಯೋಚನೆ ಬಂದರೆ ಮುಂಚೆಯೇ ಡಾಕ್ಟರಿಗೆ ತೋರಿಸಿ.

‘ಇನ್ನೊಂದು ಆಗುತ್ತೆ ಬಿಡಮ್ಮ’ ಎಂದೂ ಯಾರಾದರೂ ಅಂದಿರಬಹುದು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಪುಸ್ತಕದ ಕೊನೆಯ ಅಧ್ಯಾಯದ ಲೆಕ್ಕ ನೋಡಿ. 7,000 ಇದ್ದ ಕುರಿ 14,000 ಆಗುತ್ತವೆ, 3,000 ಒಂಟೆ 6,000 ಆಗುತ್ತವೆ. ಮಕ್ಕಳು ಮಾತ್ರ ಮೊದಲಿನಷ್ಟೇ: ಏಳು ಗಂಡು, ಮೂರು ಹೆಣ್ಣು. ತೀರಿಕೊಂಡ ಹತ್ತು ಮಕ್ಕಳು ಎಣಿಕೆಯಿಂದ ಅಳಿಸಿಹೋಗಿಲ್ಲ, ಅದಕ್ಕೇ ಅವರ ಸಂಖ್ಯೆ ಇಮ್ಮಡಿಯಾಗಬೇಕಿರಲಿಲ್ಲ ಎಂದು ಬಹಳ ಜನ ವ್ಯಾಖ್ಯಾನಕಾರರು ಓದಿದ್ದಾರೆ. ನಮಗೂ ಅದೇ ಸರಿ ಅನಿಸುತ್ತದೆ. ನಿಮ್ಮ ಮಗುವಿನ ಜಾಗ ಆ ಮಗುವಿನದೇ.

ಈಗ ಪ್ರಾರ್ಥನೆ. ಮಾತು ಹೊರಡದಿರುವುದು ದೂರವಾದದ್ದರ ಗುರುತಲ್ಲ. ಏನು ಬೇಡಬೇಕೆಂದು ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರ ಹೇಳುತ್ತದೆ (8:26). ನಮ್ಮ ಸಭೆಗಳು ಸ್ತುತಿ ಕಲಿಸಿದಷ್ಟು ಪ್ರಲಾಪ ಕಲಿಸಿಲ್ಲ. ಸತ್ಯವೇದದ 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಅಳಲಿನವೇ ಇದ್ದರೂ ಆರಾಧನೆಯಲ್ಲಿ ಅವು ಕಿವಿಗೆ ಬೀಳುವುದು ಕಡಿಮೆ.

13ನೇ ಕೀರ್ತನೆಯಿಂದ ಶುರುಮಾಡಿ, ಆರೇ ವಚನ. ಗಟ್ಟಿಯಾಗಿ ಎರಡು ಸಲ ಓದಿ. ಮೊದಲ ಎರಡು ವಚನಗಳಲ್ಲಿ ‘ಇನ್ನೆಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಅದೇ ಪದದಿಂದ ನಿಮ್ಮ ನಾಲ್ಕು ಸಾಲು ಬರೆಯಿರಿ, ಮನೆಯಲ್ಲಿ ಆಡುವ ಮಾತಿನಲ್ಲೇ. ‘ಇನ್ನೆಷ್ಟು ದಿನ ಆ ತೊಟ್ಟಿಲು ಅಟ್ಟದ ಮೇಲಿರಬೇಕು’ ಎಂಬುದೂ ಪ್ರಾರ್ಥನೆಯೇ. 3 ಮತ್ತು 4ನೇ ವಚನಗಳಲ್ಲಿ ಬೇಡಿಕೆಯಿದೆ: ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಇಲ್ಲಿ ಒಂದೇ ಒಂದು ಕೇಳಿ, ಅದೂ ಇವತ್ತಿನ ಮಟ್ಟಿಗೆ. ಇವತ್ತು ರಾತ್ರಿ ನಿದ್ದೆ, ಅತ್ತೆಯ ಮಾತಿಗೆ ಸಿಡುಕದಿರುವ ತಾಳ್ಮೆ, ಏನಾದರೂ ಸರಿ. 5 ಮತ್ತು 6 ಭರವಸೆಯ ವಚನಗಳು. ಅವು ಬಾಯಿಗೆ ಬಾರದಿದ್ದರೆ ಓದಿ ಮುಗಿಸಿ, ನಿಮ್ಮದಾಗಿ ಏನೂ ಬರೆಯಬೇಡಿ. ಹತ್ತು ನಿಮಿಷ ಸಾಕು.

ಹೆಚ್ಚಿನವರು ಎಡವುವುದು ಇಲ್ಲೇ. ಅಳುವುದು ಅಪನಂಬಿಕೆ ಎಂದು ಹೆದರಿ ನೇರವಾಗಿ 5ನೇ ವಚನಕ್ಕೆ ಹಾರುತ್ತಾರೆ. ಒಳಗಿನ ಕೋಪ ದೇವರ ಮುಂದೆ ಹೋಗದೆ ಗಂಡನ ಮೇಲೋ ಮಕ್ಕಳ ಮೇಲೋ ಬೀಳುತ್ತದೆ. ಇನ್ನು ಕೆಲವರು ಒಂದು ದಿನ ಭರವಸೆ ಬಂದು ಮರುದಿನ ಹೋದರೆ ಸೋತೆವೆಂದುಕೊಳ್ಳುತ್ತಾರೆ. ಆದರೆ 22ನೇ ಕೀರ್ತನೆ ನೋಡಿ: 1–2 ಮೊರೆ, 3–5 ಭರವಸೆ, 6–8 ಮತ್ತೆ ಮೊರೆ, 9–10 ಮತ್ತೆ ಭರವಸೆ. ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದು ಇದೇ ಕೀರ್ತನೆಯ ಮೊದಲ ಸಾಲು. ‘ಯಾಕೆ ಕೈಬಿಟ್ಟೆ’ ಎಂದು ಕೇಳುವಾಗಲೂ ಅವರು ‘ನನ್ನ ದೇವರೇ’ ಎಂದೇ ಕರೆದರು. ಏನೂ ಬರೆಯಲಾಗದ ದಿನ 88ನ್ನು ಓದಿ. 18 ವಚನಗಳಲ್ಲಿ ಎಲ್ಲೂ ತಿರುವಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಸತ್ಯವೇದದೊಳಗೇ ಇದೆ.

ಸಭೆಗೆ ಹೋಗಿ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕುಳಿತುಕೊಳ್ಳಿ, ಹಾಡದಿದ್ದರೆ ಪರವಾಗಿಲ್ಲ, ನಿಮ್ಮ ಪರವಾಗಿ ಉಳಿದವರು ಹಾಡಲಿ. ಅಯ್ಯನವರಿಗೆ (ಸಭಾಪಾಲಕರಿಗೆ) ಒಂದು ಮಾತು ಮುಂಚೆ ಹೇಳಿಟ್ಟರೆ ಹೊರಗೆ ಬಂದಾಗ ಯಾರೂ ಹಿಂದೆ ಬಂದು ಪ್ರಶ್ನೆ ಕೇಳುವುದಿಲ್ಲ.

ಇನ್ನೊಂದು, ಇದನ್ನು ಮರೆಯಬೇಡಿ. ಎರಡು ವಾರ ಮೀರಿ ನಿದ್ದೆ ಊಟ ಕೆಟ್ಟಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ ಪ್ರಾರ್ಥನೆಯ ಜೊತೆಗೇ ಡಾಕ್ಟರನ್ನೂ ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾವು ಸಭೆಯ ಹಿರಿಯರು. ಸಾವಿನ ಮನೆಗೆ, ಆಸ್ಪತ್ರೆಗೆ ಹೋಗುವುದು ನಮ್ಮ ಕೆಲಸ. ಏನು ಮಾತಾಡಬೇಕು?
– ಬಳ್ಳಾರಿ

ಉತ್ತರ: ಯೋಬನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರರು ಮೊದಲ ಏಳು ದಿನ ಏಳು ರಾತ್ರಿ ಒಂದೂ ಮಾತಾಡದೆ ನೆಲದ ಮೇಲೆ ಅವನ ಜೊತೆ ಕುಳಿತರು. ಅಷ್ಟು ಮಾತ್ರ ಸರಿಯಾಗಿ ಮಾಡಿದರು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು. ಅವರು ಹೇಳಿದ್ದರಲ್ಲಿ ಬಹುಪಾಲು ನಮ್ಮ ಪ್ರಸಂಗಗಳಲ್ಲಿ ಕೇಳುವಂಥದ್ದೇ: ದೇವರು ನ್ಯಾಯವಂತ, ತಪ್ಪು ಮಾಡಿದವನಿಗೆ ಶಿಕ್ಷೆ, ತಿರುಗಿಕೊಂಡರೆ ಆಶೀರ್ವಾದ. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ತನ್ನ ವಿಷಯದಲ್ಲಿ ಯುಕ್ತವಾಗಿ ಮಾತಾಡಿದವನು ಯೋಬನೇ ಅಂದರು (42:7). ಅಷ್ಟೆಲ್ಲ ಜಗಳವಾಡಿದ ಯೋಬನಿಗೆ ಆ ಮೆಚ್ಚುಗೆ! ತನಗೆ ಯಾಕೆ ಹೀಗಾಯಿತೆಂಬ ಕಾರಣ ಮಾತ್ರ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆದ್ದರಿಂದ ಹೋದಾಗ 15–20 ನಿಮಿಷ ಇರಿ, ಕುಳಿತುಕೊಳ್ಳಿ. ‘ತುಂಬಾ ಬೇಜಾರಾಯಿತು, ನಿಮ್ಮ ಜೊತೆ ಇದ್ದೇವೆ’ ಅಂದರೆ ಸಾಕು. ಒಂದು ಚಿಕ್ಕ ಕೀರ್ತನೆ, ಎರಡು ನಿಮಿಷದ ಪ್ರಾರ್ಥನೆ, ಅದೂ ‘ಮಾಡಬಹುದೇ’ ಎಂದು ಕೇಳಿದ ಮೇಲೆ. ‘ಎಲ್ಲವೂ ಒಳ್ಳೆಯದಕ್ಕೇ’ ಎಂಬ ವಚನ (ರೋಮಾ 8:28) ನೋವಿನಲ್ಲಿರುವವರು ತಾವೇ ಹೇಳಿಕೊಂಡರೆ ಬಲ ಕೊಡುತ್ತದೆ. ನಾವು ಅವರ ಮುಂದೆ ಹೇಳಿದರೆ ಬಾಯಿ ಮುಚ್ಚಿಸಿದಂತೆ. ‘ತಡೆಯಲಾರದ್ದನ್ನು ದೇವರು ಕೊಡುವುದಿಲ್ಲ’ ಎಂಬ ಮಾತನ್ನು ಬಿಟ್ಟೇಬಿಡಿ. 1 ಕೊರಿಂಥ 10:13 ಶೋಧನೆಯ, ಅಂದರೆ ಪಾಪಕ್ಕೆ ಎಳೆಯುವ ಪ್ರಲೋಭನೆಯ ಬಗ್ಗೆ ಹೇಳಿದ್ದು, ಸಾವುನೋವಿನ ಭಾರದ ಬಗ್ಗೆ ಅಲ್ಲ. ತಾಳಲಾರದಷ್ಟು ಭಾರ ಬಿದ್ದು ಬದುಕುವ ಆಸೆಯನ್ನೇ ಬಿಟ್ಟಿದ್ದೆವೆಂದು ಆ ಪತ್ರ ಬರೆದ ಅಪೊಸ್ತಲ ಪೌಲನೇ ಬರೆದಿದ್ದಾನೆ (2 ಕೊರಿಂಥ 1:8). ‘ಏನಾದರೂ ಬೇಕಾದರೆ ಹೇಳಿ’ ಎನ್ನುವ ಬದಲು ‘ಗುರುವಾರ ರಾತ್ರಿ ಊಟ ನಮ್ಮಿಂದ’ ಅನ್ನಿ. ತಿಂಗಳಾದ ಮೇಲೆ, ಎಲ್ಲರೂ ಬರುವುದು ನಿಂತಾಗ, ಇನ್ನೊಮ್ಮೆ ಹೋಗಿ.

ಪ್ರಶ್ನೆ: ಅಣ್ಣನ ಮಗಳಿಗೆ ಮೂರ್ಛೆರೋಗ. ಗುಣವಾಗಿದೆ ಎಂದು ನಂಬಿ ಮಾತ್ರೆ ನಿಲ್ಲಿಸಿ, ಅದೇ ಸಾಕ್ಷಿ ಎನ್ನುತ್ತಾರೆ ಪ್ರಾರ್ಥನಾ ಕೂಟದಲ್ಲಿ.
– ಕೋಲಾರ

ಉತ್ತರ: ನಿಲ್ಲಿಸಬೇಡಿ, ಒಂದು ಹೊತ್ತೂ ತಪ್ಪಿಸಬೇಡಿ. ಈ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಹೆಚ್ಚಾಗಿ, ಬಂದದ್ದು ನಿಲ್ಲದೆ ಪ್ರಾಣಕ್ಕೇ ಬರಬಹುದು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಬಾರದಿದ್ದರೆ ಆಮೇಲೆ ಡಾಕ್ಟರು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡುತ್ತಾರೆ.

ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬ 5:14 ಹೇಳುತ್ತದೆ. ಖಂಡಿತ ಮಾಡಿಸಿ. ಔಷಧ ಬಿಡಿ ಎಂದು ಅಲ್ಲಿಲ್ಲ. ಪೌಲನ ಜೊತೆಯಲ್ಲಿದ್ದ ಲೂಕ ವೈದ್ಯ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ತಿಮೊಥೆಗೆ ಬರೆದ. ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ‘ಶರೀರದ ಮುಳ್ಳು’ ಎಂದು ತಾನೇ ಕರೆದ ಬಾಧೆ ಹೋಗಲೆಂದು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಇವರಲ್ಲಿ ಯಾರಿಗೂ ನಂಬಿಕೆ ಕಡಿಮೆ ಎಂದು ಪೌಲ ಬರೆದಿಲ್ಲ. ಮಗುವಿಗೆ ಮತ್ತೆ ಫಿಟ್ಸ್ ಬಂದರೆ ಅದನ್ನು ಅವಳ ನಂಬಿಕೆಯ ಸೋಲೆಂದು ಯಾರೂ ಅವಳೆದುರು ಹೇಳದಂತೆ ನೋಡಿಕೊಳ್ಳಿ.

ಪ್ರಶ್ನೆ: ಜ್ಞಾನಸ್ನಾನಕ್ಕೆ ಮುಂಚೆ ತೀರಿಕೊಂಡ ಮಗುವಿಗೆ ಕ್ಯಾಥೊಲಿಕ್ ಸಭೆಯಲ್ಲಿ ಅಂತ್ಯವಿಧಿ ಇಲ್ಲವೇ?
– ಮಂಗಳೂರು

ಉತ್ತರ: ಇದೆ. ತಂದೆತಾಯಿಗೆ ಜ್ಞಾನಸ್ನಾನ ಕೊಡಿಸುವ ಉದ್ದೇಶವಿದ್ದರೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿಯಿಂದ ಸಭೆಯ ಅಂತ್ಯವಿಧಿ ನಡೆಸಬಹುದೆಂದು 1983ರ ಧರ್ಮಸಭಾ ಕಾನೂನಿನ 1183ನೇ ವಿಧಿ ಹೇಳುತ್ತದೆ. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆಂದು ಸಭೆಯ ಧರ್ಮೋಪದೇಶ ಕಲಿಸುತ್ತದೆ. ಅವರ ರಕ್ಷಣೆಯ ಬಗ್ಗೆ ನಿರೀಕ್ಷೆ ಇಟ್ಟುಕೊಳ್ಳಲು ಗಟ್ಟಿ ಆಧಾರಗಳಿವೆಯೆಂದು 2007ರಲ್ಲಿ ವ್ಯಾಟಿಕನ್‌ನ ದೇವಶಾಸ್ತ್ರ ಆಯೋಗವೂ ಬರೆಯಿತು. ಆಸ್ಪತ್ರೆಯಲ್ಲಿರುವಾಗಲೇ ಧರ್ಮಕೇಂದ್ರದ ಗುರುಗಳಿಗೆ ಫೋನ್ ಮಾಡಿ, ದೇಹವನ್ನು ನಮಗೇ ಕೊಡಿ ಎಂದು ಆಸ್ಪತ್ರೆಯವರಿಗೂ ಬಾಯಿಬಿಟ್ಟು ಹೇಳಿ. ತಡಮಾಡಿದರೆ ಅವರೇ ಅಂತ್ಯಕ್ರಿಯೆ ಮುಗಿಸಿಬಿಡುವುದುಂಟು. ಮಗುವಿಗೆ ಹೆಸರಿಡಿ, ಗುರುಗಳು ಪ್ರಾರ್ಥನೆಯಲ್ಲಿ ಆ ಹೆಸರನ್ನೇ ಹೇಳಲಿ. ತಾಯಿ ಇನ್ನೂ ಆಸ್ಪತ್ರೆಯಲ್ಲಿದ್ದರೆ, ಸಾಧ್ಯವಾದಷ್ಟೂ, ಅವಳು ಬರುವವರೆಗೆ ಕಾಯಿರಿ.