ಮಗ ಕಾಡ್ಗಿಚ್ಚು ಆರಿಸುವ ಖಾಸಗಿ ತಂಡ ಸೇರುತ್ತಾನಂತೆ, ಕಳಿಸಬಹುದಾ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು, ಅಮೆರಿಕದ ಒರೆಗಾನ್‌ನಲ್ಲಿದ್ದೇವೆ. ಮಗನಿಗೆ 19 ವರ್ಷ. ಈ ಬೇಸಿಗೆ ರಜೆಯಲ್ಲಿ ಕಾಡ್ಗಿಚ್ಚು ಆರಿಸುವ ಖಾಸಗಿ ಗುತ್ತಿಗೆ ಕಂಪನಿಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಸರ್ಕಾರಿ ಕೆಲಸವಾಗಿದ್ದರೆ ಸ್ವಲ್ಪ ಧೈರ್ಯ ಇರುತ್ತಿತ್ತು. ಖಾಸಗಿಯವರು ತರಬೇತಿ ಕೊಡುತ್ತಾರಾ, ಇಲ್ಲ ಸುಮ್ನೆ ಕೈಗೆ ಗುದ್ದಲಿ ಕೊಟ್ಟು ಬೆಂಕಿ ಮುಂದೆ ನಿಲ್ಲಿಸುತ್ತಾರಾ?

ಉತ್ತರ: ಇಂಥ ಹುಡುಗರಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ಏಪ್ರಿಲ್ ಬಂತೆಂದರೆ ಅಪ್ಪ ಅಮ್ಮಂದಿರ ಫೋನೂ ಬರುತ್ತದೆ, ಎಲ್ಲರದ್ದೂ ಇದೇ ಪ್ರಶ್ನೆ.

ತರಬೇತಿ ಕೊಡಲೇಬೇಕು. ಫೆಡರಲ್ ಬೆಂಕಿಗೆ, ಅಂದರೆ ಕೇಂದ್ರ ಸರ್ಕಾರದ ಕಾಡಿನ ಬೆಂಕಿಗೆ ಹೋಗುವ ತಂಡ ಖಾಸಗಿಯದ್ದಾದರೂ, ಕಾಡ್ಗಿಚ್ಚಿನ ತರಬೇತಿಗೆ ದೇಶಕ್ಕೆಲ್ಲ ಮಟ್ಟ ನಿಗದಿ ಮಾಡುವ ನ್ಯಾಷನಲ್ ವೈಲ್ಡ್‌ಫೈರ್ ಕೋಆರ್ಡಿನೇಟಿಂಗ್ ಗ್ರೂಪ್ ಗೊತ್ತು ಮಾಡಿದ ಕೋರ್ಸ್‌ಗಳನ್ನು ಮುಗಿಸಿರಬೇಕು. ಎಸ್-130ರಲ್ಲಿ ಬೆಂಕಿ ಆರಿಸುವ ಕೆಲಸ ಕಲಿಸುತ್ತೇವೆ. ಎಸ್-190ರಲ್ಲಿ ಗಾಳಿ, ಇಳಿಜಾರು, ಒಣ ಹುಲ್ಲು ಸೇರಿದಾಗ ಬೆಂಕಿ ಹೇಗೆ ಓಡುತ್ತದೆ ಅಂತ. ಎಲ್-180ರಲ್ಲಿ ಸುಸ್ತಾದಾಗ, ಹೆದರಿದಾಗ ಮನುಷ್ಯ ಎಲ್ಲಿ ಎಡವುತ್ತಾನೆ ಅಂತ. ಹಳಬರಿಗೂ ಪ್ರತಿ ವರ್ಷ ಆರ್‌ಟಿ-130 ಎನ್ನುವ ಮರುತರಬೇತಿ ಇದೆ.

ಆಮೇಲೆ ಪ್ಯಾಕ್ ಟೆಸ್ಟ್. 45 ಪೌಂಡ್, ಅಂದರೆ ಸುಮಾರು 20 ಕಿಲೋ ಬೆನ್ನಿಗೆ ಹಾಕಿಕೊಂಡು 3 ಮೈಲಿಯನ್ನು 45 ನಿಮಿಷದೊಳಗೆ ನಡೆಯಬೇಕು. ಓಡುವಂತಿಲ್ಲ. ಕೇಳಲು ಸುಲಭ ಅನಿಸುತ್ತದೆ ಅಲ್ವಾ? ಜಿಮ್‌ನಲ್ಲಿ ತೋಳು ಬೆಳೆಸಿಕೊಂಡ ಹುಡುಗರು ಎರಡನೇ ಮೈಲಿಗೇ ಕಾಲು ಹಿಡಿದುಕೊಂಡು ಕುಳಿತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ಮಗ ಇವತ್ತಿನಿಂದಲೇ ನಡೆಯಲಿ. ಮೊದಲ ವಾರ ಬರೀ ಚೀಲ, ಆಮೇಲೆ 5 ಕಿಲೋ, 10 ಕಿಲೋ, ಹೀಗೆ ಒಂದೂವರೆ ತಿಂಗಳಲ್ಲಿ 20ಕ್ಕೆ ಬರಲಿ. ಬೂಟನ್ನೂ ಈಗಲೇ ಕೊಡಿಸಿ. ಕನಿಷ್ಠ 8 ಇಂಚು ಎತ್ತರದ ಚರ್ಮದ ಬೂಟು ಬೇಕು, ಹೊಸದು ಪಾದಕ್ಕೆ ಹೊಂದಿಕೊಳ್ಳಲು ವಾರಗಳೇ ಹಿಡಿಯುತ್ತವೆ, ಹೊಸ ಬೂಟು ಹಾಕಿಕೊಂಡು ನೇರ ಬೆಂಕಿಗೆ ಹೋದವನು ಮೂರನೇ ದಿನಕ್ಕೆ ಬೊಬ್ಬೆ ಎದ್ದ ಕಾಲಿನಲ್ಲಿ ಕ್ಯಾಂಪಿನಲ್ಲೇ ಉಳಿಯುತ್ತಾನೆ.

ಅಲ್ಲಿ ಅವನು ಮಾಡುವ ಕೆಲಸ ಹೆಚ್ಚಾಗಿ ನೀರು ಹೊಡೆಯುವುದಲ್ಲ, ನೆಲ ಅಗೆಯುವುದು. 20 ಜನರ ತಂಡ ಸಾಲಾಗಿ ನಿಂತು ಹುಲ್ಲು, ಬೇರು, ತರಗೆಲೆ ಎಲ್ಲ ಕೆತ್ತಿ ಬರೀ ಮಣ್ಣು ಕಾಣುವ ಹಾಗೆ ಪಟ್ಟಿ ಮಾಡುತ್ತಾ ಹೋಗುತ್ತದೆ. ಬಂಡೀಪುರದಲ್ಲಿ ಬೇಸಿಗೆಗೆ ಮೊದಲು ಮಾಡುವ ಬೆಂಕಿ ರೇಖೆ ನೋಡಿದ್ದರೆ ಗೊತ್ತಾಗುತ್ತದೆ. ಅಲ್ಲಿ ಅದನ್ನು ಅರಣ್ಯ ಇಲಾಖೆ ಮುಂಚಿತವಾಗಿ ಮಾಡಿಸುತ್ತದೆ, ಇಲ್ಲಿ ಈ ಹುಡುಗರು ಬೆಂಕಿ ಉರಿಯುತ್ತಿರುವಾಗ, ಅದರ ಪಕ್ಕದಲ್ಲೇ ಮಾಡುತ್ತಾರೆ. ಕೈಯಲ್ಲಿ ಪುಲಾಸ್ಕಿ ಇರುತ್ತದೆ, ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. ಸೊಂಟದ ಹತ್ತಿರ ಫೈರ್ ಶೆಲ್ಟರ್, ಅಂದರೆ ಮಡಚಿಟ್ಟ ಒಬ್ಬರ ಪುಟ್ಟ ಗುಡಾರ. ಬೇರೆ ದಾರಿಯೇ ಇಲ್ಲದಾಗ ಅದರೊಳಗೆ ನೆಲಕ್ಕೆ ಮುಖ ಮಾಡಿ ಮಲಗಬೇಕು. ದೂರದ ಝಳವನ್ನು ಅದು ತಡೆಯುತ್ತದೆ, ಜ್ವಾಲೆಯೇ ತಾಗಿದರೆ ಹೆಚ್ಚು ಹೊತ್ತು ತಡೆಯುವುದಿಲ್ಲ. 2013ರಲ್ಲಿ ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ 19 ಜನ ಶೆಲ್ಟರ್ ಬಿಚ್ಚಿಕೊಂಡೂ ಉಳಿಯಲಿಲ್ಲ. ಅದಕ್ಕೇ ನಾವು ಶೆಲ್ಟರ್ ಬಿಚ್ಚುವುದನ್ನು ಹೇಳಿಕೊಡುವುದಕ್ಕಿಂತ ಜಾಸ್ತಿ ಹೊತ್ತು ನಾಲ್ಕು ವಿಷಯ ಹೇಳಿಕೊಡುತ್ತೇವೆ: ಕಾವಲಿಗೆ ಯಾರಿದ್ದಾರೆ, ಅವರ ಜೊತೆ ಮಾತು ನಡೆಯುತ್ತಿದೆಯಾ, ತಪ್ಪಿಸಿಕೊಳ್ಳುವ ದಾರಿ ಯಾವುದು, ಹೋಗಿ ಸೇರುವ ಸುರಕ್ಷಿತ ಜಾಗ ಎಲ್ಲಿ. ಇವುಗಳಿಗೆ ಉತ್ತರ ಗೊತ್ತಿಲ್ಲದೆ ಕೆಲಸ ಶುರು ಮಾಡಬಾರದು.

ಈಗ ನನಗೆ ಬಹಳ ಮುಖ್ಯ ಅನಿಸುವ ಮಾತು. ನೀವು ಬೆಂಕಿಗೆ ಹೆದರುತ್ತಿದ್ದೀರಿ, ನಾನು ವ್ಯಾನಿಗೆ ಹೆದರುತ್ತೇನೆ. 2003ರ ಆಗಸ್ಟ್ 24ರಂದು ಖಾಸಗಿ ತಂಡವೊಂದರ 8 ಜನ ಐಡಾಹೊದ ಬೆಂಕಿ ಮುಗಿಸಿ ಮನೆಗೆ ಹೊರಟಿದ್ದರು. ಒರೆಗಾನ್‌ನ ವೇಲ್ ಊರಿನ ಹತ್ತಿರ ವ್ಯಾನು ಎದುರಿನ ಲಾರಿಗೆ ಡಿಕ್ಕಿ ಹೊಡೆಯಿತು. ಎಂಟೂ ಜನ ಸತ್ತರು. ಬೆಂಕಿಯಿಂದ ಬದುಕಿ ಬಂದವರು ದಾರಿಯಲ್ಲಿ ಹೋದರಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ. 14 ದಿನ ದುಡಿದ ಮೈ, ಮನೆಯ ಆಸೆ, ಉದ್ದನೆಯ ಹೆದ್ದಾರಿ. ನಿಯಮಗಳು ಇವೆ: 2 ಗಂಟೆ ಕೆಲಸಕ್ಕೆ 1 ಗಂಟೆ ವಿಶ್ರಾಂತಿ, ಒಬ್ಬ ಚಾಲಕ ದಿನಕ್ಕೆ 10 ಗಂಟೆಗಿಂತ ಜಾಸ್ತಿ ಓಡಿಸಬಾರದು. ಕಂಪನಿ ಅದನ್ನು ಪಾಲಿಸುತ್ತದಾ ಅಂತ ಮಗನೇ ಕೇಳಬೇಕು. ವ್ಯಾನು ಯಾರು ಓಡಿಸುತ್ತಾರೆ? ತಡವಾದರೆ ರಾತ್ರಿ ಉಳಿಸುತ್ತೀರಾ, ಓಡಿಸಿಕೊಂಡೇ ಬರುತ್ತೀರಾ? ತಂಡದ ಮುಖ್ಯಸ್ಥ, ಅಂದರೆ ಕ್ರೂ ಬಾಸ್, ಎಷ್ಟು ಸೀಸನ್ ಮಾಡಿದ್ದಾರೆ? ಗಾಯವಾದರೆ ಕಾರ್ಮಿಕರ ವಿಮೆ ಯಾವುದು? ಇದಕ್ಕೆ ನೆಟ್ಟಗೆ ಉತ್ತರ ಕೊಡದೆ ದಿನಕ್ಕೆ ಎಷ್ಟು ದುಡ್ಡು ಸಿಗುತ್ತದೆ ಎಂದಷ್ಟೇ ಹೇಳುವ ಕಂಪನಿಗೆ ಕಳಿಸಬೇಡಿ. ಒರೆಗಾನ್‌ನಲ್ಲಿ ಕಂಪನಿಗಳು ಬೇಕಾದಷ್ಟಿವೆ.

ಇನ್ನೊಂದು, ನಮ್ಮವರ ಮನೆಗಳಲ್ಲಿ ಮರೆತುಹೋಗುವ ವಿಷಯ: ಮಗನ ವೀಸಾ. ನಾಗರಿಕನೋ ಗ್ರೀನ್ ಕಾರ್ಡ್ ಇರುವವನೋ ಆಗಿದ್ದರೆ ತೊಂದರೆ ಇಲ್ಲ. ತಂದೆ ತಾಯಿಯ ಎಚ್-1ಬಿ ಮೇಲೆ ಎಚ್-4ರಲ್ಲಿ ಇರುವ ಮಕ್ಕಳು ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಿಕೊಂಡಿದ್ದರೂ ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡಿಯುವಂತಿಲ್ಲ. ಒಂದು ಬೇಸಿಗೆಯ ಕೆಲಸಕ್ಕೆ ಮುಂದಿನ ದಾರಿ ಮುಚ್ಚಿಕೊಳ್ಳುವುದು ಬೇಡ.

ಹಾಂ, ಸ್ವಲ್ಪ ಸ್ಪ್ಯಾನಿಷ್ ಕಲಿಯಲಿ. ಒರೆಗಾನ್‌ನ ಖಾಸಗಿ ತಂಡಗಳಲ್ಲಿ ಸ್ಪ್ಯಾನಿಷ್ ಮಾತಾಡುವವರು ತುಂಬಾ ಜನ. ಚಳಿಗಾಲದಲ್ಲಿ ಸಸಿ ನೆಟ್ಟು, ಕಾಡು ತೆಳುವು ಮಾಡಿ, ಬೇಸಿಗೆಗೆ ಬೆಂಕಿಗೆ ಬರುವವರು. ಕೆಲಸ ಬಲ್ಲವರು. ಅವರ ಪಕ್ಕ ನಿಂತರೆ ನನ್ನ ತರಗತಿಗಿಂತ ಜಾಸ್ತಿ ಕಲಿಯುತ್ತಾನೆ.

ಪ್ರಶ್ನೆ: ಇಬ್ಬರು ಗೆಳೆಯರು ಸೇರಿ ಹಳೆಯ ಫೈರ್ ಎಂಜಿನ್ ಕೊಂಡು ಫಾರೆಸ್ಟ್ ಸರ್ವಿಸ್‌ಗೆ ಗುತ್ತಿಗೆ ಕೊಡೋಣ ಅಂತಿದ್ದೇವೆ. ಈ ಸೀಸನ್‌ಗೇ ಆಗುತ್ತದಾ?

ಉತ್ತರ: ಈ ಸೀಸನ್‌ಗೆ ಕಷ್ಟ. ಗುತ್ತಿಗೆ ಸಿಗುವುದು ವಿಐಪಿಆರ್ ಎನ್ನುವ, ಫಾರೆಸ್ಟ್ ಸರ್ವಿಸ್‌ನ ಆನ್‌ಲೈನ್ ಗುತ್ತಿಗೆ ವ್ಯವಸ್ಥೆಯಲ್ಲಿ, ಅದೂ ಹೊಗೆ ಕಾಣುವ ಮೊದಲೇ. ಎಲ್ಲ ಬಗೆಯ ವಾಹನಕ್ಕೂ ಎಲ್ಲ ವರ್ಷ ಹೊಸ ಟೆಂಡರ್ ಕರೆಯುವುದಿಲ್ಲ. ನೀವು ದರ ಹೇಳಬೇಕು, ವಾಹನ, ಪಂಪು, ಟ್ಯಾಂಕು ಪರಿಶೀಲನೆಯಲ್ಲಿ ಪಾಸಾಗಬೇಕು, ಆಮೇಲೆ ಒಂದು ಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತದೆ. ಪಟ್ಟಿಯಲ್ಲಿ ಮೇಲಿದ್ದವರಿಗೆ ಮೊದಲು ಕರೆ. ಅಷ್ಟೆಲ್ಲ ಆದರೂ ಕರೆಯುತ್ತೇವೆ ಅಂತ ಸರ್ಕಾರ ಯಾರಿಗೂ ಮಾತು ಕೊಡುವುದಿಲ್ಲ.

ಇದು ಎಷ್ಟು ಅನಿಶ್ಚಿತ ಅಂತ ನೋಡಿ. 2023ರಲ್ಲಿ ಅಮೆರಿಕದಲ್ಲಿ ಸುಟ್ಟಿದ್ದು ಸುಮಾರು 27 ಲಕ್ಷ ಎಕರೆ, ಮರುವರ್ಷವೇ ಸುಮಾರು 89 ಲಕ್ಷ. ಸಾಲ ಮಾಡಿ ಎಂಜಿನ್ ಕೊಂಡು 2023ರಂಥ ವರ್ಷ ಬಂದರೆ ಕಂತು ಕಟ್ಟುವವರು ಯಾರು? ಕರೆ ಬಂದರೂ ಬಿಲ್ಲಿನ ಹಣ ಕೈಸೇರುವ ಮೊದಲೇ ಹುಡುಗರಿಗೆ ಕೂಲಿ, ಡೀಸೆಲ್, ಟೈರ್ ಎಲ್ಲ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಎಂಜಿನ್ ಬಾಸ್, ಅಂದರೆ ಎಂಜಿನ್ ಮತ್ತು ಅದರ ತಂಡವನ್ನು ನಡೆಸುವ ಅರ್ಹ ಮುಖ್ಯಸ್ಥ. ಎಂಜಿನ್ ಅನ್ನು ನಾಳೆಯೇ ಕೊಳ್ಳಬಹುದು, ಎಂಜಿನ್ ಬಾಸ್ ತಯಾರಾಗಲು ಹಲವು ಸೀಸನ್ ಬೇಕು. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಈ ವರ್ಷ ಬೇರೆಯವರ ಎಂಜಿನ್‌ನಲ್ಲಿ ಸಾಮಾನ್ಯ ಕೆಲಸಗಾರರಾಗಿ ಸೇರಿ. ದಯವಿಟ್ಟು ಅದಕ್ಕೆ ಮೊದಲು ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆ ಗುಡ್ಡದ ಅಂಚಿನಲ್ಲಿದೆ. ವಿಮಾ ಕಂಪನಿಯವರು ಖಾಸಗಿ ಅಗ್ನಿಶಾಮಕ ತಂಡ ಕಳಿಸುತ್ತಾರೆ ಅಂತ ಕೇಳಿದೆ. ಅವರನ್ನು ನಂಬಿಕೊಂಡು ಮನೆಯಲ್ಲೇ ಇರಬಹುದಾ?

ಉತ್ತರ: ಇರಬೇಡಿ. ಹೊರಡಿ ಅಂದ ತಕ್ಷಣ ಹೊರಡಿ. ಆ ತಂಡಗಳು ಹೆಚ್ಚಾಗಿ ಬೆಂಕಿ ಬರುವ ಮೊದಲು ಬಂದು ಚಾವಣಿ ದೋಣಿಯ ಎಲೆ ತೆಗೆದು, ಗಾಳಿಕಿಂಡಿ ಮುಚ್ಚಿ, ಗೋಡೆಗೆ ಬೆಂಕಿ ತಡೆಯುವ ಜೆಲ್ ಹೊಡೆದು ಹೋಗುತ್ತವೆ. 2018ರ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಅವರು ಸೈರನ್, ಕೆಂಪು ದೀಪ ಬಳಸುವಂತಿಲ್ಲ, ಅಲ್ಲಿ ಬೆಂಕಿ ಆರಿಸುವ ಕೆಲಸದ ಸರ್ಕಾರಿ ಮುಖ್ಯಸ್ಥರ ಜೊತೆ ಹೊಂದಿಸಿಕೊಂಡೇ ಕೆಲಸ ಮಾಡಬೇಕು. ಅವರು ನಿಮ್ಮ ಮನೆ ತಲುಪದೆಯೂ ಇರಬಹುದು. ಅವರು ಮಾಡುವುದರಲ್ಲಿ ಅರ್ಧದಷ್ಟು ಕೆಲಸ ನಿಮ್ಮ ಕೈಯಲ್ಲೇ ಆಗುತ್ತದೆ. ಮನೆಗಳು ಹೊತ್ತಿಕೊಳ್ಳುವುದು ಬಹಳ ಸಲ ದೂರದಿಂದ ಹಾರಿ ಬಂದ ಕಿಡಿಗಳಿಂದ. ಗೋಡೆಯಿಂದ 5 ಅಡಿಯೊಳಗೆ ಒಣ ಗಿಡ, ಸೌದೆ, ಮರದ ಸಿಪ್ಪೆ, ತೆಂಗಿನ ನಾರಿನ ಚಾಪೆ ಏನೂ ಇರಬಾರದು. ನಿಮ್ಮ ಪಾಲಿಸಿಯಲ್ಲಿ ಈ ಸೇವೆ ಇದೆಯಾ, ಅದಕ್ಕೆ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾ ಅಂತ ಈ ವಾರವೇ ಏಜೆಂಟರಿಗೆ ಫೋನ್ ಮಾಡಿ ಕೇಳಿ.